ಹೊಲಿಗೆಗೆ ಬಿಟ್ಟ ಅರ್ಧ ಇಂಚು

ನನ್ನ ಹೊಲಿಗೆ ಮಷೀನು ಹದಿನೈದು ದಿನದಿಂದ ಒಳಗೆಲ್ಲೋ ಟಿಕ್ ಟಿಕ್ ಎನ್ನುತ್ತಿದೆ. ಎಣ್ಣೆ ಬಿಡೋಣವೆಂದು ಖಾನೆ ತೆಗೆಯಲು ಮೊಮ್ಮಗಳಿಗೆ ಹೇಳಿದೆ. ಎಣ್ಣೆಯ ಬದಲು ಅವಳು ಒಂದು ರಟ್ಟಿನ ತುಂಡು ಹಿಡಿದು ತಂದಳು. ಸೀರೆ ಡಬ್ಬಿಯ ರಟ್ಟು, ಅಂಗೈಯಷ್ಟು ಅಗಲ, ಮೂರು ತೂತು, ಒಂದು ಅಂಚಿನ ಉದ್ದಕ್ಕೂ ನೀಲಿ ಚಾಕ್‌ಪೀಸಿನ ಗೆರೆ.

"ಆಜೀ, ಹೇ ಕಶಾಚಂ ಆಹೆ?" ಎಂದಳು. ಯಾವುದರದ್ದು ಎಂದು ಕೇಳುತ್ತಿದ್ದಾಳೆ. ಕನ್ನಡ ಅವಳಿಗೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ.

"ಎಂಜಿನ್ನಿಂದು" ಎಂದೆ.

ನಗುತ್ತ ಹೋದಳು. ನಾನು ರಟ್ಟನ್ನು ಮೂಗಿಗೆ ಹಿಡಿದೆ. ಇಷ್ಟು ವರ್ಷವಾದರೂ ಗ್ರೀಸಿನ ವಾಸನೆ ಹೋಗಿಲ್ಲ...

ಮಿರಜದ ನಮ್ಮ ಓಣಿಯ ಆ ತುದಿಗೆ ಸಿತಾರ ಮಾಡುವ ಕಾಕಾನ ಮನೆ, ಈ ತುದಿಗೆ ಮಿಸ್ತ್ರಿಯ ತಗಡಿನ ಶೆಡ್ಡು, ಅದರ ಗೋಡೆಗೆ ಹತ್ತಿಕೊಂಡೇ ನಮ್ಮ ಮನೆ. ನಾನು ಕುಪ್ಪಸ ಹೊಲಿಯುತ್ತಿದ್ದೆ, ಕಾರಿನ ಸೀಟಿನ ಕವರನ್ನೂ ಹೊಲಿಯುತ್ತಿದ್ದೆ. ಮಿಸ್ತ್ರಿ ಕಾರು ರಿಪೇರಿ ಮಾಡುತ್ತಿದ್ದ. ಜತ್ತದ ಕಡೆಯವನು, ಕನ್ನಡದವನು, ನನಗಿಂತ ಏಳೆಂಟು ವರ್ಷ ಚಿಕ್ಕವನು. ಹೆಂಡತಿ ಮಕ್ಕಳು ಇರಲಿಲ್ಲ.

ಅವನ ಹತ್ತಿರ ಒಂದು ಕೋಲಿತ್ತು. ಮುರಿದ ಸಿತಾರದ ಕತ್ತಿನ ದಾಂಡಿಯಿಂದ ಕೊಯ್ದ ಮೊಳದುದ್ದದ ಕಟ್ಟಿಗೆ, ಕಾಕಾ ಕೊಟ್ಟದ್ದು. ಅದರ ಒಂದು ತುದಿಯನ್ನು ಓಡುವ ಎಂಜಿನ್ನಿಗೆ ಹಚ್ಚಿ, ಇನ್ನೊಂದನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ, ಇಂಥ ಕಡೆ ಇಂಥದು ಸವೆದಿದೆ ಎನ್ನುತ್ತಿದ್ದ. ಬಿಚ್ಚಿದರೆ ಅದೇ ಸವೆದಿರುತ್ತಿತ್ತು. ಸಾಂಗ್ಲಿಯಿಂದಲೂ ಜನ ಗಾಡಿ ತರುತ್ತಿದ್ದರು. ನಾನು ಸುಲಭಕ್ಕೆ ಬೆರಗಾಗುವವಳಲ್ಲ. ಆದರೆ ಆ ಕೋಲು ಹೊರಬಂತೆಂದರೆ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು.

ಒಂದು ದಿನ ಅವನು ಕಸಬೆ ಡಿಗ್ರಜದಿಂದ ಒಂದು ಹಳೆಯ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ಯಾರೋ ರೈತರ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತದ್ದು. ಬಿಳಿ ಬಣ್ಣ ಹಳದಿಯಾಗಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಕೋಳಿಯನ್ನು ಬುಟ್ಟಿಯಲ್ಲಿಟ್ಟು ಅದೇ ಟ್ರ್ಯಾಕ್ಟರಿನಲ್ಲಿ ವಾಪಸು ಕಳಿಸಿದ.

"ಇದನ್ನ ತಗೊಂಡ ಏನ್ ಮಾಡಾಂವ?" ಎಂದೆ.

"ಓಡಸ್ತೇನ್ರಿ ಅಕ್ಕಾರ. ಕೊಲ್ಲಾಪುರದಾಗ ರೇಸಿನ ಟ್ರ್ಯಾಕ್ ಐತಲ್ರಿ, ಅಲ್ಲೆ. ಹೊಸಾ ಗಾಡಿಗೋಳ ಜೋಡಿ."

"ಇದು ಆ ಕೋಳಿ ಜೋಡಿನೂ ಓಡಂಗಿಲ್ಲ."

"ಎದಿ ಬದಲ ಮಾಡ್ತೇನ್ರಿ" ಎಂದ.

ಮರುವಾರ ಸಾಂಗ್ಲಿಯ ಗುಜರಿಯಿಂದ ಇನ್ನೊಂದು ಎಂಜಿನ್ ಬಂತು. ಹೊಸ ಕಾರಿನದು. ಹಿಂದಿನಿಂದ ಟ್ರಕ್ಕು ಗುದ್ದಿ ಆ ಕಾರು ಅರ್ಧವಾಗಿತ್ತು, ಮುಂದಿನ ಎಂಜಿನ್ನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹಳೆಯದಕ್ಕೆ ಮೂರು ಸಿಲಿಂಡರು, ಇದಕ್ಕೆ ನಾಲ್ಕು. ಹಳೆಯದಕ್ಕೆ ನಾಲ್ಕಾರು ವೈರು, ಇದಕ್ಕೆ ಹೆಣ್ಣಿನ ಜಡೆಯಷ್ಟು ದಪ್ಪನೆಯ ಕಟ್ಟು. ಆ ಕಟ್ಟನ್ನು ನಮ್ಮ ಮನೆಯ ಹೊರಸಿನ ಮೇಲೆ ಹರಡಿ, ಯಾವ ವೈರು ಎಲ್ಲಿಗೆ ಹೋಗಬೇಕೆಂದು ಒಂದೊಂದನ್ನೇ ಹಿಡಿದು ಹೇಳುತ್ತಿದ್ದ. ನಾನು ಒಂದೊಂದಕ್ಕೆ ಒಂದೊಂದು ಬಣ್ಣದ ದಾರ ಕಟ್ಟುತ್ತಿದ್ದೆ. ಎಣ್ಣೆ ನೋಡುವ ವೈರಿಗೆ ಹಸಿರು, ಬಿಸಿ ನೋಡುವುದಕ್ಕೆ ಕೆಂಪು. ನಾನು ಓದಿದ್ದು ನಾಲ್ಕನೇ ಇಯತ್ತೆ, ಅವನು ಅಷ್ಟೂ ಓದಿರಲಿಲ್ಲ. ಕಂಪನಿಯ ನಕ್ಷೆಯಿಂದ ನಮ್ಮಿಬ್ಬರಿಗೂ ಉಪಯೋಗವಿರಲಿಲ್ಲ.

ಎಂಜಿನ್ನನ್ನು ಸರಪಳಿಯಲ್ಲಿ ತೂಗುಹಾಕಿ ಆ ಖಾಲಿ ಹೊಟ್ಟೆಯೊಳಗೆ ಇಳಿಸಿದ ದಿನ ನಾನು ಬಾಗಿಲಲ್ಲೇ ನಿಂತಿದ್ದೆ. ಅಷ್ಟು ಭಾರವಾದದ್ದು ಅವನ ಒಂದು ಕೈಯ ಮಾತು ಕೇಳಿ ಕೂಸಿನ ಹಾಗೆ ತಿರುಗುತ್ತಿತ್ತು... ಆದರೆ ಇಳಿದರೆ ಸಾಲದು, ಕೂರಬೇಕು. ಹಳೆಯ ಎಂಜಿನ್ ಕೂತ ಜಾಗ ಹೊಸದಕ್ಕೆ ಹೊಂದುವುದಿಲ್ಲ. ದಪ್ಪ ಕಬ್ಬಿಣದ ಮೂರು ಪಟ್ಟಿ ಕೊಯ್ಯಬೇಕು. ಪಟ್ಟಿಯ ಒಂದು ಕಡೆ ಎಂಜಿನ್ನಿಗೆ ಬೋಲ್ಟು, ಇನ್ನೊಂದು ಅಂಚು ಕಾರಿನ ಮೈಗೆ ಬೆಸುಗೆ. ಒಳಗೆ ಎಲ್ಲ ಸೊಟ್ಟ, ಟೇಪು ಹೋಗುವುದಿಲ್ಲ.

"ಅಕ್ಕಾರ, ಎಂಥಾ ಸೊಟ್ಟ ಮೈಗೂ ಕುಪ್ಪಸ ಕುಂದ್ರಸ್ತೀರಿ. ಇದರ ಅಳತಿ ತಗೀರಿ" ಎಂದ.

ತೆಗೆದೆ. ಹಳೆಯ ಪೇಪರನ್ನು ಒಳಗೆ ಒತ್ತಿ, ಉಗುರಿನಿಂದ ಮಡಿಕೆ ಮೂಡಿಸಿ, ಅದನ್ನು ಸೀರೆಯ ರಟ್ಟಿನ ಮೇಲಿಟ್ಟು ಕೊಯ್ದೆ. ಮೂರು ರಟ್ಟು. ಅವುಗಳ ಪ್ರಕಾರ ಅವನು ಕಬ್ಬಿಣ ಕೊಯ್ದ, ಬೆಸೆದ. ಬೋಲ್ಟಿನ ತೂತುಗಳು ಒಂದು ಕೂದಲಿನಷ್ಟೂ ತಪ್ಪಲಿಲ್ಲ. ನನಗೆ ಸೊಕ್ಕು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ರೇಸಿಗೆ ಐದು ದಿನವಿರುವಾಗ ಎಂಜಿನ್ ಮೊದಲ ಸಲ ಶುರುವಾಯಿತು. ನಾನು ಮಷೀನಿನ ಮುಂದಿದ್ದೆ. ಗೋಡೆ ನಡುಗಿತು, ನನ್ನ ಸೂಜಿ ನಡುಗಿತು. ಕಾಕಾ ಕೈಯಲ್ಲಿ ಉಳಿ ಹಿಡಿದೇ ಓಡಿ ಬಂದ. ಮಿಸ್ತ್ರಿ ಮುಖವೆಲ್ಲ ಹಲ್ಲಾಗಿ ನಿಂತಿದ್ದ. ಆದರೆ ಅವನು ರೇಸು ಕೊಟ್ಟಾಗಲೆಲ್ಲ ನನಗೆ ಟಕ್ ಟಕ್ ಟಕ್ ಎಂದು ಒಂದು ಸದ್ದು ಕೇಳುತ್ತಿತ್ತು. ಈಗ ನಿಲ್ಲಿಸುತ್ತಾನೆ, ಈಗ ನಿಲ್ಲಿಸುತ್ತಾನೆ ಎಂದು ನೋಡಿದೆ. ನಿಲ್ಲಿಸಲಿಲ್ಲ.

"ಮಿಸ್ತ್ರಿ, ಏನೋ ಬಡಿಯಾಕತ್ತೈತಿ."

"ಏನೂ ಇಲ್ರಿ, ಸಾಫ್ ಐತಿ."

"ನನಗ ಕೇಳತೈತಿ, ನಿನಗ ಕೇಳವಲ್ದೇನು?"

ಅವನ ಮುಖ ಇಳಿಯಿತು. ಕೋಲು ತಂದು ಎಂಜಿನ್ನಿಗೆ ಹಚ್ಚಿದ. ಅದನ್ನು ಎಡಗಿವಿಗೆ ಇಟ್ಟುಕೊಂಡದ್ದನ್ನು ಆಗ ನೋಡಿದೆ. ಮೊದಲೆಲ್ಲ ಬಲಗಿವಿಗೆ ಇಡುತ್ತಿದ್ದ. ಬಹಳ ಹೊತ್ತು ಕೇಳಿದ ಮೇಲೆ ಎಂಜಿನ್ ಬಂದ್ ಮಾಡಿದ. ಕಾಕಾ ಹೋಗುವವರೆಗೆ ಕಾದ.

"ಬಲಗಿವಿ ಹೋಗಿ ವರ್ಷಾತ್ರಿ ಅಕ್ಕಾರ. ಎಡದ್ದೂ ಹೊಂಟೈತಿ. ದೊಡ್ಡ ದವಾಖಾನಿಯಾಗ ತೋರ್ಸೇನಿ, ಉಳ್ಯಾಂಗಿಲ್ಲ ಅಂದಾರ. ಅದಕ್ಕ ಈ ಗಾಡಿ. ಹೋಗೂದರೊಳಗ ನಾನ ಕಟ್ಟಿದ್ದ ಒಂದರ ಎಂಜಿನ್ ದನಿ ಕೇಳಬೇಕಂತ."

ಸಮಾಧಾನದ ಮಾತು ನನಗೆ ಬರುವುದಿಲ್ಲ. "ಮತ್ತ ಕುಂತೀ ಯಾಕ? ಎಲ್ಲಿ ಬಡೀತೈತಿ ಹುಡುಕು" ಎಂದೆ.

ಎಂಜಿನ್ನಿನ ಒಂದು ಮೂಲೆ ಕಾರಿನ ಮೈಗೆ ಬಡಿಯುತ್ತಿತ್ತು. ಮೂರು ಪಟ್ಟಿಗಳೂ ಅರ್ಧ ಇಂಚು ಉದ್ದವಾಗಿ, ಎಂಜಿನ್ ಅಷ್ಟು ಸರಿದು ಕೂತಿತ್ತು. ಅವನು ರಟ್ಟುಗಳನ್ನು ತಂದು ಅಳೆದ, ಮತ್ತೆ ಅಳೆದ.

"ಅಕ್ಕಾರ, ಈ ಅರ್ಧ ಇಂಚ ಎಲ್ಲಿಂದ ಬಂತರಿ?"

ನೋಡಿದ ಕೂಡಲೇ ನನಗೆ ತಿಳಿಯಿತು. ಮೂವತ್ತು ವರ್ಷ ಬಟ್ಟೆ ಕೊಯ್ದ ಕೈ. ಅಳತೆ ಎಷ್ಟೇ ಇರಲಿ, ಕತ್ತರಿ ತಾನಾಗಿಯೇ ಅಂಚಿಗೆ ಅರ್ಧ ಇಂಚು ಬಿಡುತ್ತದೆ.

"ಹೊಲಿಗೀಗೆ ಬಿಟ್ಟೇನಿ" ಎಂದೆ.

ಅವನು ನೆಲದ ಮೇಲೆ ಕೂತುಬಿಟ್ಟ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಕೇಳುತ್ತಿದ್ದೆ, ಐದೇ ದಿನ ಉಳಿದಿತ್ತು, ತಪ್ಪು ನನ್ನದು. ಅವನು ನಗಲು ಶುರುಮಾಡಿದ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. "ಕಬ್ಬಿಣಕ್ಕ ಹೊಲಿಗಿ..." ಎಂದು ಮತ್ತೆ ನಕ್ಕ. ಆಮೇಲೆ ನನ್ನ ಚಾಕ್‌ಪೀಸು ಇಸಕೊಂಡು ರಟ್ಟಿನ ಅಂಚಿಗೆ ಗೆರೆ ಎಳೆದ. ಅದೇ ಈ ನೀಲಿ ಗೆರೆ.

ಎಂಜಿನ್ ಮತ್ತೆ ಸರಪಳಿಗೆ ಹತ್ತಿತು. ಬೆಸುಗೆ ಬಿಡಿಸಿ, ಪಟ್ಟಿಗಳನ್ನು ಗೆರೆಗೆ ಸರಿಯಾಗಿ ಕೊಯ್ದು, ಮತ್ತೆ ಬೆಸೆದ. ಮೂರು ದಿನ ಅವನು ಕೂತು ಉಣ್ಣಲಿಲ್ಲ. ನಾನು ರೊಟ್ಟಿಯಲ್ಲಿ ಪಲ್ಯ ಸುತ್ತಿ ಕೈಗೆ ಕೊಡುತ್ತಿದ್ದೆ. ನಾಲ್ಕನೆಯ ದಿನ ಶುರುಮಾಡಿದಾಗ ಎಂಜಿನ್ನನ್ನು ನೋಡದೆ ನನ್ನ ಮುಖ ನೋಡಿದ. ನಾನು ಸುತ್ತಲೂ ತಿರುಗಿ ಕೇಳಿ, ಬಡಿತ ಇಲ್ಲ ಎಂದು ತಲೆಯಾಡಿಸಿದೆ. ಆಗ ಕೋಲನ್ನು ಎಡಗಿವಿಗೆ ಹಚ್ಚಿ ಕಣ್ಣು ಮುಚ್ಚಿದ. ಎಷ್ಟು ಹೊತ್ತು ನಿಂತನೋ... ನನ್ನ ಒಲೆಯ ಮೇಲಿನ ಬೇಳೆ ತಳ ಹಿಡಿದಿತ್ತು.

ಕೊಲ್ಲಾಪುರಕ್ಕೆ ನನ್ನನ್ನೂ ಕರೆದುಕೊಂಡು ಹೋದ. ಗಾಡಿ ಓಡಿಸುವವನೂ ಅವನೇ. "ಹೆಲ್ಮೆಟ್ ಹಾಕ್ಕೊಂಡ್ರ ನನಗ ಏನೂ ಕೇಳಂಗಿಲ್ರಿ. ನೀವು ತಿರುವಿನ್ಯಾಗ ನಿಂದರ್ರಿ. ದನಿ ಎಲ್ಲೆ ಕಡೀತೈತಿ ಕೇಳ್ರಿ" ಎಂದ. ತಪಾಸಣೆಯ ಸಾಹೇಬರು ಬಾನೆಟ್ ಎತ್ತಿ, ಎಂಜಿನ್ನನ್ನು ಕೈಯಿಂದ ಅಲ್ಲಾಡಿಸಿ, ಯಾವ ವರ್ಕ್‌ಶಾಪಿನದು ಈ ಕೆಲಸ ಎಂದು ಕೇಳಿದರು. ಸೆರಗು ಹೊದ್ದು ನಿಂತ ನನ್ನ ಕಡೆ ಮಿಸ್ತ್ರಿ ಕೈ ತೋರಿಸಿದ. ಸಾಹೇಬರು ಒಂದು ಸಲ ನನ್ನನ್ನು ನೋಡಿ, ಕಾಗದಕ್ಕೆ ಸಹಿ ಹಾಕಿ ಹೋದರು.

ಹತ್ತು ಸುತ್ತು. ಹೊಳೆಯುವ ಕಾರುಗಳ ನಡುವೆ ನಮ್ಮ ಹಳದಿಯಾದದ್ದು ಕಡೆಯಲ್ಲಿ ನಿಂತಿತ್ತು. ಬಾವುಟ ಬಿದ್ದಿತು. ಆಮೇಲಿನದನ್ನು ನಾನು ಹೇಗೆ ಬರೆಯಲಿ... ಕೋಳಿ ಕಾವಿಗೆ ಕೂತಿದ್ದ ಆ ಡಬ್ಬಿ ನನ್ನ ಮುಂದೆ ಹಾಯ್ದಾಗ ಎದೆಯ ಗೂಡು ನಡುಗಿತು. ತಿರುವಿನಲ್ಲಿ ಬೇರೆಯವರು ನಿಧಾನ ಮಾಡುವಲ್ಲಿ ಅದು ನಿಧಾನ ಮಾಡಲಿಲ್ಲ, ಮೈ ಒಲೆದು ಒಳಗಿನಿಂದ ನುಗ್ಗಿತು. ಒಂದು ಸುತ್ತಿಗೆ ಒಂದನ್ನು ಹಿಂದೆ ಹಾಕಿತು, ಇನ್ನೊಂದು ಸುತ್ತಿಗೆ ಇನ್ನೊಂದನ್ನು. ಆದರೆ ನಾನು ನೋಡಲು ಹೋದವಳಲ್ಲ. ಐದನೇ ಸುತ್ತಿನಿಂದ ಕಣ್ಣು ಮುಚ್ಚಿ ನಿಂತೆ. ಅಷ್ಟು ಕಾರುಗಳ ಗದ್ದಲದಲ್ಲಿ ನಮ್ಮದನ್ನು ಬೇರೆ ಮಾಡಿ ಹಿಡಿದೆ. ಕೋಲು ಹಿಡಿದು ಅವನು ಏನು ಕೇಳುತ್ತಿದ್ದನೆಂದು ಅವತ್ತು ಒಂದು ಚೂರು ತಿಳಿಯಿತು.

ನಾಲ್ಕನೆಯವನಾಗಿ ಬಂದ. ಬಹುಮಾನ ಮೂವರಿಗೆ. ಹೆಲ್ಮೆಟ್ ತೆಗೆದು, ಬೆವರು ಸಹ ಒರೆಸದೆ, ಸೀದಾ ನನ್ನ ಮುಂದೆ ಬಂದು ಎಡಗಿವಿ ತಿರುಗಿಸಿ ನಿಂತ.

"ಹೆಂಗಿತ್ರಿ ದನಿ?"

ನಾನು ಅವನ ಕಿವಿಗೆ ಬಾಯಿ ಹಚ್ಚಿ ಹೇಳಿದೆ, "ಹತ್ತೂ ಸುತ್ತು ಒಂದಾ ದಾರ. ಎಲ್ಲೂ ಹರೀಲಿಲ್ಲ."

ಅವನು ತಲೆಯಾಡಿಸಿ ಕಾರಿನ ಕಡೆ ಹೋಗಿ, ಬಿಸಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತ. ಸುಟ್ಟಿರಬೇಕು. ತೆಗೆಯಲಿಲ್ಲ.

ಮುಂದಿನ ದೀಪಾವಳಿಯ ಹೊತ್ತಿಗೆ ಎಡಗಿವಿಯೂ ಹೋಯಿತು. ಅವನು ಕೆಲಸ ಬಿಡಲಿಲ್ಲ, ಅಂಗೈ ಹಚ್ಚಿ ನೋಡಿ ಮಾಡುತ್ತಿದ್ದ. ಮೊದಲಿನಷ್ಟು ಜನ ಬರುತ್ತಿರಲಿಲ್ಲ. ಬಿಡುವಿದ್ದಾಗ ನನ್ನ ಕಟ್ಟೆಗೆ ಬಂದು ಕೂತು, ಮಷೀನಿನ ಹಲಗೆಯ ಮೇಲೆ ಕೈ ಇಡುತ್ತಿದ್ದ. "ಬಾಬಿನ್ನಿನ್ಯಾಗ ಧೂಳ ಕುಂತೈತ್ರಿ ಅಕ್ಕಾರ" ಎನ್ನುತ್ತಿದ್ದ. ತೆಗೆದರೆ ಇರುತ್ತಿತ್ತು.

ಅವನು ಹೋಗಿ ಮೂರು ವರ್ಷವಾಯಿತು. ಎರಡು ದಿನ ಜ್ವರ ಬಂತು, ಮೂರನೆಯ ದಿನ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಕಾರನ್ನು ಅವನ ತಮ್ಮ ಬಂದು ಒಯ್ದ. ಕೋಲನ್ನು ಕಾಕಾ ಮಿಸ್ತ್ರಿಯ ಹೆಣದ ಜೊತೆಗೇ ಕಳಿಸಿದ. ಶೆಡ್ಡಿನಲ್ಲಿ ಈಗ ನೀರಿನ ಕ್ಯಾನು ಮಾರುತ್ತಾರೆ.

ಮೊಮ್ಮಗಳು ಕಡೆಗೂ ಎಣ್ಣೆ ಹುಡುಕಿ ತಂದಳು. ಸಂದುಸಂದಿಗೂ ಬಿಟ್ಟೆ. ಬಾಬಿನ್ ತೆಗೆದೆ, ಧೂಳಿರಲಿಲ್ಲ. ಹಲಗೆಯ ಮೇಲೆ ನಾನೂ ಅಂಗೈ ಇಟ್ಟು ಪೆಡಲು ತುಳಿದು ನೋಡಿದೆ. ಟಿಕ್ ಟಿಕ್ ಎನ್ನುತ್ತಲೇ ಇದೆ. ನನಗೆ ಚೆನ್ನಾಗಿ ಕೇಳಿಸುತ್ತದೆ. ಎಲ್ಲಿಂದ ಎಂಬುದು ಮಾತ್ರ ತಿಳಿಯುತ್ತಿಲ್ಲ.