ಅನ್ನಮ್ಮ ಹೇಳಿದ್ದು ಇಷ್ಟೇ ಅಲ್ಲ

ಮಗುವನ್ನು ಕಳೆದುಕೊಂಡ ಒಬ್ಬ ತಾಯಿಯನ್ನು ಹುಚ್ಚಾಸ್ಪತ್ರೆಗೆ ಕಳಿಸಿದವನು ನಾನು. ಚೀಟಿ ಬರೆದದ್ದು ಡಾಕ್ಟರು, ಕರೆದುಕೊಂಡು ಹೋದದ್ದು ಆಕೆಯ ಗಂಡ—ಆದರೆ ಕಳಿಸಿದ್ದು ನಾನೇ. ಆಕೆ ನನ್ನ ಮುಂದೆ ಆಡಿದ ಮಾತಿನ ಅರ್ಧವನ್ನು ನಾನು ಡಾಕ್ಟರಿಗೆ ಮುಟ್ಟಿಸಲಿಲ್ಲ. ಮರೆತು ಬಿಟ್ಟದ್ದಲ್ಲ, ಅರ್ಥವಾಗದೆ ಬಿಟ್ಟದ್ದೂ ಅಲ್ಲ. ಮುಟ್ಟಿಸಿದ ಅರ್ಧದಲ್ಲಿ ಒಂದು ಶಬ್ದವೂ ಸುಳ್ಳಿರಲಿಲ್ಲ. ಇಷ್ಟು ವರ್ಷ ನಾನು ನೆಮ್ಮದಿಯಿಂದ ಉಂಡು ಮಲಗಿದ್ದು ಆ ಒಂದು ಸಮಾಧಾನದ ಮೇಲೆ.

ನಾನು ಆಗ ಮೂಡುಬಿದಿರೆಯಲ್ಲಿ ಹೈಸ್ಕೂಲು ಮಾಸ್ತರ. ಮದರಾಸಿನಲ್ಲಿ ತತ್ತ್ವಶಾಸ್ತ್ರ, ಅದರ ಜೊತೆಗೆ ಮನಶ್ಶಾಸ್ತ್ರ ಓದಿ ಬಂದವನು. ದೇವರು, ದೈವ, ಗಾಳಿ, ಸೋಂಕು ಯಾವುದನ್ನೂ ನಂಬದವನು ಎಂದು ಊರಲ್ಲಿ ಹೆಸರು. ತಾಯಿಯ ತವರು ಕಾಸರಗೋಡಿನ ಕಡೆ. ಅಲ್ಲೇ ಬೆಳೆದುದರಿಂದ ಮಲಯಾಳ ನನಗೆ ಮನೆಮಾತಿನಷ್ಟೇ ಸಲೀಸು. ಬಂಟ್ವಾಳ ಪೇಟೆಯಲ್ಲಿ ಪ್ರಭು ಡಾಕ್ಟರರ ಮದ್ದಿನ ಷಾಪು. ಅವರು ಎಲ್ಲೋ ದೂರದ ಮಾನಸಿಕ ಆಸ್ಪತ್ರೆಯಲ್ಲಿ ಕೆಲವು ವರ್ಷ ದುಡಿದು ಬಂದವರು. ಶನಿವಾರ ಮಧ್ಯಾಹ್ನದ ಮೇಲೆ ಜ್ವರ, ಕೆಮ್ಮು ನೋಡುತ್ತಿರಲಿಲ್ಲ, ಮನಸ್ಸು ಕೆಟ್ಟವರನ್ನು ಮಾತ್ರ ನೋಡುತ್ತಿದ್ದರು. ಆಗಷ್ಟೇ ತಿರುವಾಂಕೂರಿನ ಕಡೆಯಿಂದ ಕ್ರೈಸ್ತ ಕುಟುಂಬಗಳು ಬಂದು ಬೆಳ್ತಂಗಡಿಯ ಮೇಲಿನ ಗುಡ್ಡಗಳಲ್ಲಿ ಜಾಗ ಕೊಂಡು, ಕಾಡು ಸವರಿ, ಮರಗೆಣಸು ಹಾಕಿ ಕೂತಿದ್ದರು. ಅವರ ಮಾತು ಇಲ್ಲಿ ಯಾರಿಗೂ ತಿಳಿಯದು. ಇಲ್ಲಿಯ ತುಳು ಅವರಿಗೆ ತಿಳಿಯದು.

"ದೂರದಿಂದ ಬಂದವರಿಗೆ ಹೊಟ್ಟೆ ನೋವಾದರೆ ಕೈಯಿಟ್ಟು ತೋರಿಸ್ತಾರೆ ಮಾಷ್ಟ್ರೇ," ಎಂದಿದ್ದರು ಡಾಕ್ಟರು. "ಮನಸ್ಸಿಗೆ ನೋವಾದರೆ ಎಲ್ಲಿ ಕೈಯಿಡುವುದು? ನೀವು ಶನಿವಾರ ಶನಿವಾರ ಬನ್ನಿ. ಬಸ್ಸಿನ ಖರ್ಚು ನನ್ನದು, ಚಾ ನಿಮ್ಮದು."

ಹಾಗೆ ನಾನು ಅವರ ಬಾಯಿಯಾದೆ.

ಅನ್ನಮ್ಮ ಬಂದ ದಿನ ಗಂಡ ವರ್ಕಿ ಜೊತೆಗಿದ್ದ. ಅವರ ಗುಡ್ಡೆಗೆ ತಾಗಿ ಜಮೀನಿದ್ದ ಕೊರಗಪ್ಪ ಗೌಡರೂ ಬಂದಿದ್ದರು. ಬಸ್ಸು ಹತ್ತಿಸಿ ದಾರಿ ತೋರಿಸಿದ್ದು ಅವರೇ. ಗೌಡರು ಒಳಗೆ ಬಂದರೋ, ಜಗಲಿಯಲ್ಲೇ ನಿಂತು ಹೇಳಿದರೋ—ಈಗ ಖಚಿತವಿಲ್ಲ. ಅವರ ಮಾತು ಮಾತ್ರ ನೆನಪಿದೆ.

"ಪಾಪದ ಹೆಂಗಸು ಡಾಕ್ಟ್ರೇ. ಸಣ್ಣ ಮಗು ಜ್ವರದಲ್ಲಿ ಹೋಯ್ತು. ಈಗ ಮುಸ್ಸಂಜೆ ಆದ್ರೆ ಇವಳು ಸತ್ತ ಮಗುವಿನ ಹತ್ರ ಮಾತಾಡ್ತಾಳೆ. ಕಾಡು ಕಡಿಯುವಾಗ ಅಲ್ಲಿಯ ದೈವಕ್ಕೆ ಒಂದು ಮಾತು ಕೇಳ್ಲಿಲ್ಲ ಇವರು. ನಾನು ಹೇಳಿದೆ, ಆ ದೈವಕ್ಕೆ ಒಂದು ತಂಬಿಲ, ಸಣ್ಣ ಪೂಜೆ ಕೊಡುವ, ಖರ್ಚು ನಾನು ಹಾಕ್ತೇನೆ ಅಂತ. ಇವನು ಒಪ್ಪುದಿಲ್ಲ."

ಆ ಮುದುಕರು ತಮ್ಮ ಕೈಯಿಂದ ಖರ್ಚು ಹಾಕಲು ಸಿದ್ಧರಿದ್ದರು ಎಂಬುದು ನನಗೆ ಆವತ್ತು ಕೇಳಿಸಲೇ ಇಲ್ಲ. ಕೇಳಿಸಿದ್ದು 'ದೈವ' ಎಂಬ ಶಬ್ದ ಒಂದೇ. ಮೈ ಉರಿಯಿತು. ಇದು ಕಾಯಿಲೆ, ಇದಕ್ಕೆ ಆಸ್ಪತ್ರೆ ಇದೆ ಎಂದು ಇವರಿಗೆಲ್ಲ ತೋರಿಸಬೇಕು—ಆಕೆ ಬಾಯಿ ತೆರೆಯುವ ಮೊದಲೇ ನಾನು ತೀರ್ಮಾನಿಸಿ ಆಗಿತ್ತು.

ಗಂಡನನ್ನು ಹೊರಗೆ ಕೂರಿಸಿ ಡಾಕ್ಟರು ಕೇಳಿದರು, ನಾನು ಮಲಯಾಳದಲ್ಲಿ ಕೇಳಿದೆ: ಸಂಜೆ ಏನು ಮಾಡುತ್ತೀರಿ?

ಆಕೆ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ನನ್ನನ್ನೇ ನೋಡುತ್ತ, ನಿಧಾನವಾಗಿ ಹೇಳಿದಳು. ತಮ್ಮ ಮನೆಗಳಲ್ಲಿ ಸಂಜೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದು ದೊಡ್ಡವರಿಗೆ, ಯೇಸುವಿನ ಹೆಸರಲ್ಲಿ, 'ಈಶೋಗೆ ಸ್ತುತಿ' ಎನ್ನುತ್ತಾರೆ; ದೊಡ್ಡವರು 'ಈಗಲೂ ಎಂದೆಂದಿಗೂ' ಎಂದು ಉತ್ತರ ಕೊಡುತ್ತಾರೆ. ದೊಡ್ಡ ಮಗ, ಆಮೇಲೆ ಮಗಳು, ಕೊನೆಗೆ ರೋಸಕುಟ್ಟಿ. ರೋಸಕುಟ್ಟಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಅಮ್ಮ ಉಟ್ಟ ಮುಂಡಿನ ಅಂಚು ಹಿಡಿದು ಜಗ್ಗಿ, 'ತುತಿ' ಎಂದು ನಕ್ಕು ಓಡುತ್ತಿದ್ದಳು. ಈಗ ಮಗಳ ಸ್ತುತಿ ಮುಗಿದ ಮೇಲೆ ತಾನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಈಗಲೂ ಎಂದೆಂದಿಗೂ' ಎಂದು ಇನ್ನೊಂದು ಸಲ ಹೇಳುತ್ತೇನೆ ಎಂದಳು.

ಆಮೇಲೆ ಅವಳು ಹೇಳಿದ್ದು: "ನನಗೆ ಏನೂ ಕೇಳಿಸುವುದಿಲ್ಲ ಸಾರೇ. ಮಗು ಇಲ್ಲ ಎಂದು ಗೊತ್ತು, ಮಣ್ಣು ಹಾಕಿದ್ದು ಈ ಕೈಯಿಂದಲೇ. ಊರಲ್ಲಾದರೆ ಇಗರ್ಜಿಯ ಅಂಗಳದಲ್ಲಿ ಅಜ್ಜ ಅಜ್ಜಿಯ ಪಕ್ಕ ಮಲಗುತ್ತಿದ್ದಳು; ಇಲ್ಲಿ ಗುಡ್ಡೆಯಲ್ಲಿ ಒಬ್ಬಳೇ. ನಾನೂ ಉತ್ತರ ಕೊಡದಿದ್ದರೆ ಮನೆಯೊಳಗೂ ಅವಳ ಸರದಿ ತಪ್ಪಿಹೋಗುತ್ತದೆ. ಅದಕ್ಕೆ ಹೇಳುತ್ತೇನೆ. ಅಷ್ಟೆ."

ನಾನು ಡಾಕ್ಟರ ಕಡೆ ತಿರುಗಿ ಹೇಳಿದೆ: "ದಿನಾ ಸಂಜೆ ಸತ್ತ ಮಗುವಿಗೆ ಉತ್ತರ ಕೊಡ್ತಾರಂತೆ. ಅದಕ್ಕೆ ಮೊದಲು ಸ್ವಲ್ಪ ಹೊತ್ತು ಸುಮ್ಮನಿರ್ತಾರಂತೆ."

ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಅಲ್ಲ ಮಾಷ್ಟ್ರೇ, ಅವರು ಹೇಳುವಾಗ ಮಾರುದ್ದ ಇತ್ತು. ನೀವು ಹೇಳುವಾಗ ಗೇಣುದ್ದ ಆಯ್ತಲ್ಲ? ಇಷ್ಟೇ ಹೌದಾ?"

"ಇಷ್ಟೇ ಡಾಕ್ಟ್ರೇ."

ಅನುಮಾನಿಸುವುದು ನನ್ನ ಅಭ್ಯಾಸ. ನನ್ನ ನೆನಪನ್ನೂ ಬಿಟ್ಟಿಲ್ಲ. ಆ ಕೋಣೆಯ ಕಿಟಕಿ ಹೊಳೆಯ ಕಡೆಗಿತ್ತೋ ಪೇಟೆಯ ಕಡೆಗೋ—ಹೇಳಲಾರೆ. ಆಕೆಯ ಜೊತೆ ದೊಡ್ಡ ಮಗಳೂ ಬಂದಿದ್ದಳು ಎಂದು ಒಮ್ಮೊಮ್ಮೆ ಅನಿಸುತ್ತದೆ, ಒಮ್ಮೊಮ್ಮೆ ಇಲ್ಲ. ಎಷ್ಟೋ ಸಲ ನನ್ನೊಡನೆ ನಾನೇ ವಾದ ಮಾಡಿದ್ದೇನೆ: ಆ ಕೊನೆಯ ಮಾತನ್ನು ಆಕೆ ಆವತ್ತು ಹೇಳಿರಲಾರಳು, ಮುಂದೆ ಎಂದೋ, ಬೇರೆ ಯಾರೋ ಹೇಳಿದ್ದನ್ನು ನಾನು ಆ ದಿನಕ್ಕೆ ಅಂಟಿಸಿಕೊಂಡಿರಬೇಕು. ಹೀಗಾಗುವುದುಂಟು, ಓದಿದ್ದೇನೆ. ವಾದ ಚೆನ್ನಾಗಿ ನಡೆಯುತ್ತದೆ. ಆದರೆ ಪ್ರತಿಸಲವೂ ಆ ಮಾರುದ್ದ–ಗೇಣುದ್ದದ ಹತ್ತಿರ ಬಂದು ಮುಗ್ಗರಿಸುತ್ತದೆ. ಡಾಕ್ಟರು ಹಾಗೆ ಕೇಳಿದ್ದು ನಿಜವಾದರೆ—ನಿಜವೇ, ಆ ಕ್ಷಣ ನನ್ನ ಕಿವಿ ಬಿಸಿಯಾದದ್ದು ಈಗಲೂ ಗೊತ್ತಾಗುತ್ತದೆ—ಅಲ್ಲಿ ನಾನು ನುಂಗಿದ ಮಾತು ಏನೋ ಇದ್ದೇ ಇತ್ತು.

ಯಾಕೆ ನುಂಗಿದೆ? ಗೌಡರನ್ನು ಸೋಲಿಸಲು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಅದು ಇತ್ತು. ಆದರೆ ಅದರ ಕೆಳಗೆ ಇನ್ನೊಂದು... ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ತೀರಿಹೋದವರಿಗೆ ಬಡಿಸುವ ಕ್ರಮ ಉಂಟು. ನನ್ನ ಅಕ್ಕ ಚಿಕ್ಕವಳಿದ್ದಾಗಲೇ ಹೋದವಳು. ಅಮ್ಮ ಅವಳಿಗೊಂದು ಸಣ್ಣ ಎಲೆ ಹಾಕಿ, ಅವಳಿಗೆ ಪ್ರಿಯವಾಗಿದ್ದ ಬೆಲ್ಲದ ಗಟ್ಟಿ ಇಟ್ಟು, ಬಾಗಿಲು ಓರೆ ಮಾಡಿ, ಎಲ್ಲರೂ ಹೊರಗೆ ಸುಮ್ಮನೆ ಕೂರಬೇಕು ಎನ್ನುತ್ತಿದ್ದಳು. ಮದರಾಸಿನಿಂದ ಬಂದ ಮೇಲೆ ನನಗೆ ಅದನ್ನು ನೋಡಲು ನಾಚಿಕೆ. "ಯಾರು ಬಂದು ತಿಂತಾರೆ ಅಮ್ಮ?" ಎಂದು ಹಂಗಿಸಿದ್ದೆ. ಅಮ್ಮ ಸಿಟ್ಟಾಗದೆ, "ಯಾರೂ ಬರುದಿಲ್ಲ ಮಗಾ. ಎಲೆ ಹಾಕದಿದ್ರೆ ನನಗೆ ಲೆಕ್ಕ ತಪ್ತದೆ" ಎಂದಿದ್ದಳು.

ಅನ್ನಮ್ಮ ಹೇಳಿದ್ದೂ ಅದನ್ನೇ. ಬೇರೆ ಭಾಷೆ, ಬೇರೆ ದೇವರು, ಅದೇ ಮಾತು. ನನಗೆ ಅರ್ಥವಾಗಲಿಲ್ಲವೆಂದಲ್ಲ, ತೀರ ಚೆನ್ನಾಗಿ ಅರ್ಥವಾಯಿತು. ಮನೆಯಲ್ಲಿ ಅಮ್ಮನ ಮುಂದೆ ಗೆಲ್ಲಲಾಗದ್ದನ್ನು ನಾನು ಬಂಟ್ವಾಳದಲ್ಲಿ, ಭಾಷೆ ಬಾರದ ಒಬ್ಬ ಹೆಂಗಸಿನ ಮುಂದೆ ಗೆದ್ದೆ.

ಆಸ್ಪತ್ರೆಯಲ್ಲಿ ಆಕೆಯ ತಲೆಗೆ ಕರೆಂಟು ಕೊಟ್ಟರು. ಅಲ್ಲಿ ಆಕೆಯ ಮಾತು ತಿಳಿಯುವವರು ಇದ್ದರೋ ಇಲ್ಲವೋ, ನಾನು ವಿಚಾರಿಸಲಿಲ್ಲ. ಕೆಲವು ತಿಂಗಳ ಮೇಲೆ ವರ್ಕಿ ಕರೆತಂದ. ಮತ್ತೆ ಷಾಪಿಗೆ ಬಂದಾಗ ಶಾಂತವಾಗಿದ್ದಳು, ಸ್ವಲ್ಪ ದಪ್ಪಗಾಗಿದ್ದಳು. ಸಂಜೆ ಈಗ ಏನೂ ಮಾಡುವುದಿಲ್ಲ ಎಂದ ವರ್ಕಿ. ಡಾಕ್ಟರಿಗೆ ಸಂತೋಷವಾಯಿತು, ಅವರು ಮದ್ದು ಕಟ್ಟಿಸಲು ಒಳಗೆ ಹೋದರು. ಆಗ ಅನ್ನಮ್ಮ ನನ್ನ ಹತ್ತಿರ ಬಂದು, ಗಂಡನಿಗೆ ಕೇಳಿಸದ ಹಾಗೆ ಕೇಳಿದಳು:

"ಸಾರೇ, ಆಸ್ಪತ್ರೆಗೆ ಹೋಗುವುದಕ್ಕಿಂತ ಹಿಂದಿನದು ನನಗೆ ಸರಿಯಾಗಿ ನೆನಪಿಲ್ಲ. ನಾನು ಪ್ರೇತದ ಹತ್ತಿರ ಮಾತಾಡುತ್ತಿದ್ದೆನಂತೆ. ಮಕ್ಕಳಿಗೆ ನನ್ನ ಹತ್ತಿರ ಬರಲು ಹೆದರಿಕೆ. ಮೊದಲು ನನ್ನ ಮಾತು ಕೇಳಿದ್ದು ನೀವು. ನಿಜವಾಗಿ ನನಗೆ ತಲೆ ಕೆಟ್ಟಿತ್ತಾ?"

ಇದು ನಾನು ನಿವೇದಿಸಬೇಕಾದ ಎರಡನೆಯ ತಪ್ಪು, ಮೊದಲಿನದಕ್ಕಿಂತ ಕೆಟ್ಟದ್ದು. ಮೊದಲನೆಯ ಸಲ ನನಗೆ ಅಹಂಕಾರವಿತ್ತು, ಸಿಟ್ಟಿತ್ತು. ಎರಡನೆಯ ಸಲ ಏನೂ ಇರಲಿಲ್ಲ. ಆಕೆ ಕಳೆದುಕೊಂಡದ್ದು ನನ್ನ ಹತ್ತಿರ ಇತ್ತು, ಅವಳದೇ ಮಾತು, ಪೂರ್ತಿ. ಕೊಟ್ಟುಬಿಡಬಹುದಿತ್ತು.

"ಆಗ ಕಾಯಿಲೆ ಇತ್ತು. ಈಗ ಗುಣವಾಗಿದೆ. ಅದನ್ನು ನೆನೆಸಬೇಡಿ," ಎಂದೆ.

"ಹಾಗಾದರೆ ಸರಿ," ಎಂದಳು. ನನ್ನನ್ನು ನಂಬಿದಳು.

ಆಮೇಲಿನ ಶನಿವಾರಗಳಲ್ಲಿ ನಾನು ಬದಲಾದೆ. ಯಾರೇ ಬಂದು ಹೇಳಲಿ, ಒಂದು ವಾಕ್ಯವನ್ನೂ ಬಿಡದೆ ಡಾಕ್ಟರಿಗೆ ಹೇಳತೊಡಗಿದೆ. ಹಂಚಿನ ಕಾರ್ಖಾನೆಗೆ ಬಂದ ಕೆಲಸದವರು, ರಬ್ಬರು ತೋಟಕ್ಕೆ ಬಂದವರು ಹೀಗೆ ಎಲ್ಲೆಲ್ಲಿಂದಲೋ ಬಂದು ಇಲ್ಲಿ ಬೇರು ಬಿಡಲು ಒದ್ದಾಡುತ್ತಿದ್ದವರ ಮನೆಗೆ ಹೋಗಿ, ಒಂದು ಸಂಜೆ ಸುಮ್ಮನೆ ಕೂತು, ಇವರಲ್ಲಿ ದುಃಖವನ್ನು ಹೇಗೆ ತೋಡಿಕೊಳ್ಳುತ್ತಾರೆ ಎಂದು ತಿಳಿಯದೆ ಚೀಟಿ ಬರೆಯಬಾರದು ಎಂದು ಹಟ ಹಿಡಿದೆ. ಡಾಕ್ಟರು ಮೊದಲು ನಕ್ಕರು. "ನೀವು ರೋಗಿ ನೋಡ್ಲಿಕ್ಕೆ ಹೋಗುದಾ, ಹೆಣ್ಣು ನೋಡ್ಲಿಕ್ಕಾ ಮಾಷ್ಟ್ರೇ?" ಎಂದರು. ಆಮೇಲೆ ತಾವೂ ಬರತೊಡಗಿದರು. ಕೆಲವರಿಗೆ ಮದ್ದೇ ಬೇಕಾಗಲಿಲ್ಲ. ಕೆಲವರಿಗೆ ಬೇಕಾಯಿತು, ಆಸ್ಪತ್ರೆಯೂ ಬೇಕಾಯಿತು. ಆದರೆ ಯಾರನ್ನೂ ನಾವು ಅರ್ಧ ಕೇಳಿ ಕಳಿಸಲಿಲ್ಲ. ಒಂದು ಸಲ ಗೌಡರನ್ನೇ ಕರೆದು ಕೂರಿಸಿ, ಅವರ ಊರಿನ ಒಬ್ಬನಿಗಾಗಿ ತಂಬಿಲ ಕೊಡಿಸಿದ್ದೂ ಉಂಟು. ಡಾಕ್ಟರು ಮಾತ್ರೆ ಕೊಟ್ಟರು, ಗೌಡರು ದೈವದ ಮುಂದೆ ಎಳನೀರಿನ ಬೊಂಡ ಒಡೆದರು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಹೋದ ತಿಂಗಳು ಮೂಡುಬಿದಿರೆಯಲ್ಲಿ ನಾಲ್ಕು ಜನ ಸೇರಿ ನಮಗಿಬ್ಬರಿಗೂ ಶಾಲು ಹೊದಿಸಿದರು. "ಇದು ಮಾಷ್ಟ್ರ ಕ್ರಮ. ನನ್ನದೇನಿಲ್ಲ," ಎಂದರು ಪ್ರಭು ಡಾಕ್ಟರು. ಸಭೆ ಮುಗಿದ ಮೇಲೆ ಒಬ್ಬಳು ಎಳೆಯ ನರ್ಸು ಕೇಳಿದಳು, "ನಿಮಗೆ ಇದು ಹೇಗೆ ಹೊಳೀತು ಸಾರ್?"

"ಅನುಭವ," ಎಂದೆ. ಆ ಶಬ್ದ ಬಾಯಿಯಿಂದ ಬಿದ್ದೊಡನೆ ಹೆಗಲ ಮೇಲಿನ ಶಾಲು—ನಾನು ಅದನ್ನು ತೆಗೆದು ಮಡಿಸಿ ಕುರ್ಚಿಯ ಮೇಲೆ ಇಟ್ಟೆ. ಮನೆಗೆ ತರಲಾಗಲಿಲ್ಲ.

ಆ ವಾರವೇ ಬೆಳ್ತಂಗಡಿಗೆ ಬಸ್ಸು ಹತ್ತಿ, ಅಲ್ಲಿಂದ ಗುಡ್ಡೆಯ ದಾರಿ ನಡೆದು ಹೋದೆ. ಅನ್ನಮ್ಮನ ಮನೆಗೆ ಈಗ ಹಂಚಿನ ಮಾಡು. ಅಂಗಳದಲ್ಲಿ ಮರಗೆಣಸಿನ ಹೋಳು ಒಣಹಾಕಿದ್ದರು. ಕೂದಲು ಬೆಳ್ಳಗಾಗಿತ್ತು, ನನ್ನ ಗುರುತು ಹಿಡಿದಳು, ಬೆಲ್ಲದ ಕಾಪಿ ಕೊಟ್ಟಳು. ವರ್ಕಿಯೂ ಕೂತಿದ್ದ. ಲೋಟ ಕೆಳಗಿಟ್ಟು ಹೇಳಿದೆ. ಆವತ್ತು ನೀವು ಹೇಳಿದ್ದು ಇದು, ನಾನು ಡಾಕ್ಟರಿಗೆ ಹೇಳಿದ್ದು ಇಷ್ಟು. ನನ್ನ ನೆನಪಿನಲ್ಲಿ ಒಂದೆರಡು ಶಬ್ದ ಹಿಂದೆಮುಂದಾಗಿರಬಹುದು. ಆದರೆ 'ನನಗೆ ಏನೂ ಕೇಳಿಸುವುದಿಲ್ಲ' ಎಂದದ್ದು, 'ಮಗು ಇಲ್ಲ ಎಂದು ಗೊತ್ತು' ಎಂದದ್ದು, ಸರದಿ ತಪ್ಪುತ್ತದೆ ಎಂದದ್ದು ನಿಜ. ನಿಮಗೆ ತಲೆ ಕೆಟ್ಟಿರಲಿಲ್ಲ. ಆಮೇಲೆ ಕೇಳಿದಾಗಲೂ ನಾನು ಸುಳ್ಳು ಹೇಳಿದೆ.

ವರ್ಕಿ ಎದ್ದ. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೂ ಇತ್ತು. ಅವನು ಅಂಗಳಕ್ಕೆ ಹೋಗಿ, ಒಣಗಿದ ಹೋಳುಗಳನ್ನು ಸುಮ್ಮನೆ ಕೈಯಲ್ಲಿ ಮಗುಚತೊಡಗಿದ.

ಅನ್ನಮ್ಮ ಕೇಳಿದಳು:

"ಅಷ್ಟೂ ನಾನೇ ಹೇಳಿದ್ದಾ?"

"ಅಷ್ಟೂ."

"ಮುಂಡಿನ ಅಂಚು ಹಿಡಿಯುತ್ತಿದ್ದಳು ಎಂದೆನಾ?"

"ಹಿಡಿದು ಜಗ್ಗುತ್ತಿದ್ದಳು ಎಂದಿರಿ. 'ತುತಿ' ಎನ್ನುತ್ತಿದ್ದಳು ಎಂದಿರಿ."

ಆಕೆಯ ಕೈ ತಾನಾಗಿ ಮುಂಡಿನ ಅಂಚಿಗೆ ಹೋಯಿತು. "ಇನ್ನೊಮ್ಮೆ ಹೇಳಿ ಸಾರೇ. ಮೊದಲಿನಿಂದ."

ಮೊದಲಿನಿಂದ ಹೇಳಿದೆ. ಈ ಸಲ ಆಕೆ ಕಣ್ಣು ಮುಚ್ಚಿ ಕೇಳಿದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ, ಕೇಳಿದ್ದರೆ ಮತ್ತೊಮ್ಮೆ ಅವಳಿಂದ ಏನನ್ನೋ ತೆಗೆದುಕೊಂಡ ಹಾಗಾಗುತ್ತಿತ್ತು. ಡಾಕ್ಟರಿಗೆ ಮರುದಿನ ಹೇಳಿದೆ. ಅವರು ಇನ್ನೂ ನನ್ನೊಡನೆ ಸರಿಯಾಗಿ ಮಾತಾಡಿಲ್ಲ. ಆ ಎಳೆಯ ನರ್ಸಿಗೂ ನನ್ನ ಉತ್ತರ ಬಾಕಿ ಇದೆ. ಅದಕ್ಕೇ ಇದನ್ನು ಬರೆದೆ.

ಆವತ್ತು ಗುಡ್ಡೆಯ ಮನೆಯಲ್ಲಿ ನಾನು ಹೇಳಿ ಮುಗಿಸುವಾಗ ಹೊತ್ತು ಇಳಿಯುತ್ತಿತ್ತು. ಮಗಳು ಮೊಂಬತ್ತಿ ಹಚ್ಚಿದಳು. ಪ್ರಾರ್ಥನೆಗೆ ಎಲ್ಲರೂ ಒಳಗೆ ಸೇರುತ್ತಿದ್ದರು. ಕೂರಿ ಎಂದಳು ಅನ್ನಮ್ಮ. ನಾನು ಕೂರದೆ ಹೊರಟೆ. ಗುಡ್ಡೆ ಇಳಿಯುವಾಗ ಹಿಂದಿನಿಂದ ಪ್ರಾರ್ಥನೆಯ ದನಿ ಸ್ವಲ್ಪ ದೂರದವರೆಗೆ ಬರುತ್ತಿತ್ತು. ಇನ್ನೇನು ಅದು ಮುಗಿಯಬೇಕು ಎನ್ನುವಾಗ ನಾನು ಹೆಜ್ಜೆ ಬಿರುಸು ಮಾಡಿದೆ. ಮಗಳ ಸ್ತುತಿ ಮುಗಿದ ಮೇಲೆ ಆವತ್ತು ಆ ಮನೆಯಲ್ಲಿ ಯಾರಾದರೂ ಸ್ವಲ್ಪ ಹೊತ್ತು ಸುಮ್ಮನಿದ್ದರೋ, ಇನ್ನೊಂದು ಸಲ ಉತ್ತರ ಕೊಟ್ಟರೋ—ಅದು ನಾನು ಕೇಳಿ ಇನ್ನೊಬ್ಬರಿಗೆ ಹೇಳಬೇಕಾದ ಮಾತಲ್ಲ.