ಚೆಂಬು ಕಚ್ಚಿ ಕುಡಿದವನು

ಓದುತ್ತಿರುವ ಎಲ್ಲರಿಗೂ ನನ್ನ ನಮಸ್ಕಾರ. ನಾನು ಶಾಲೆಗೆ ಸೇರಿದ್ದೇ ಹತ್ತು ವರ್ಷ ದಾಟಿದ ಮೇಲೆ. ಈಗ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಬರೆಯುತ್ತಿದ್ದೇನೆ. ಒತ್ತು, ದೀರ್ಘ ತಪ್ಪಿದ್ದರೆ ನಿಮ್ಮ ಮನೆಯವನೊಬ್ಬನ ತಪ್ಪು ಅಂದುಕೊಂಡು ಹೊಟ್ಟೆಗೆ ಹಾಕಿಕೊಳ್ಳಿ.

ಅದು ಅರವತ್ತರ ದಶಕ. ಕಡೂರಿನ ಹೈಸ್ಕೂಲಿನಲ್ಲಿ ನಾನು ಕೊನೆಯ ಬೆಂಚಿನ ವಿದ್ಯಾರ್ಥಿ. ವಯಸ್ಸು ಹತ್ತೊಂಬತ್ತು, ಆಗಲೇ ಮೀಸೆ ಬಂದಿತ್ತು. ಆ ವರ್ಷ ಅಮೆರಿಕದಿಂದ ಇಬ್ಬರು ಹುಡುಗರು ನಮ್ಮೂರಿಗೆ ಬಂದರು. ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ತಮ್ಮ ಧರ್ಮದ ಮಾತು ಹೇಳಲು ಎರಡು ವರ್ಷ ಮನೆ ಬಿಟ್ಟು ಬಂದಿದ್ದರು. ಒಬ್ಬ ಉದ್ದ, ಒಬ್ಬ ಕುಳ್ಳ. ಇಬ್ಬರೂ ನನ್ನ ವಾರಿಗೆಯವರೇ. ಅವರಿಗೆ ಕನ್ನಡ ಕಲಿಸಲು ಮೇಷ್ಟ್ರು ನನ್ನನ್ನು ಕಳಿಸಿದರು. "ಹೋಗಯ್ಯ, ಅವರ ಬಾಯಿಗೆ ಕನ್ನಡ ಬತ್ತದೆ, ನಿನ್ನ ಬಾಯಿಗೆ ಇಂಗ್ಲಿಷ್ ಬತ್ತದೆ" ಅಂದರು.

ಪೇಟೆಯ ಸೈಕಲ್ ಶಾಪಿನ ಸಾಬರ ಮಹಡಿಯಲ್ಲಿ ಅವರ ರೂಮು. ಬೆಳಕು ಹರಿಯುವ ಮುಂಚೆ ಎದ್ದು ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದರು. ಆಮೇಲೆ ಒಂದು ದೊಡ್ಡ ಡೇಗ್ಚಿಯಲ್ಲಿ ನೀರು ಮರಳಿಸಿ, ಆರಿಸಿ, ಬಾಟಲಿಗೆ ತುಂಬುವುದು. ಕಾಯಿಸದ ನೀರನ್ನು ಮುಟ್ಟಬಾರದು ಎಂದು ಅವರ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರಂತೆ. ಬಿಳಿ ಷರ್ಟು, ಕರೀ ಟೈ ಕಟ್ಟಿ ಸೈಕಲ್ ಹತ್ತಿದರೆ ಸಂಜೆಯವರೆಗೂ ಮನೆ ಮನೆ ಸುತ್ತುವುದೇ ಕೆಲಸ. ವಾರಕ್ಕೆರಡು ದಿನ ತರೀಕೆರೆಗೆ ಬಸ್ಸು, ಒಂದು ದಿನ ಅಜ್ಜಂಪುರಕ್ಕೆ ರೈಲು. ಸೋಮವಾರ ಬಟ್ಟೆ ಒಗೆದು ಮನೆಗೆ ಕಾಗದ ಬರೆಯುತ್ತಿದ್ದರು. ಕಲ್ಲಿನ ಮೇಲೆ ಬಡಿದು ಬಡಿದು ಷರ್ಟಿನ ಗುಂಡಿ ಒಂದೂ ಉಳಿದಿರಲಿಲ್ಲ.

ಒಬ್ಬರನ್ನೊಬ್ಬರು ಬಿಟ್ಟಿರಬಾರದು ಎಂಬುದು ಅವರ ನಿಯಮ. ಒಬ್ಬ ಬಯಲಿಗೆ ಹೋದರೆ ಇನ್ನೊಬ್ಬ ಬೇಲಿಯ ಈಚೆ ಬೆನ್ನು ತಿರುಗಿಸಿ ನಿಂತಿರುತ್ತಿದ್ದ. ಆಗ ಎಲೆಕ್ಷನ್ನಿನಲ್ಲಿ ಜೋಡೆತ್ತಿನ ಗುರುತು ಇತ್ತಲ್ಲ, ಪೇಟೆಯವರು ಇವರನ್ನು ಕಂಡರೆ "ಜೋಡೆತ್ತು ಬಂದ್ವು ಕಣ್ರೋ, ಓಟು ಹಾಕ್ರೋ!" ಎಂದು ಕೂಗುತ್ತಿದ್ದರು. ಅರ್ಥವಾಗದೆ ಇವರು ಕೈ ಮುಗಿಯುತ್ತಿದ್ದರು. ಜನ ಇನ್ನಷ್ಟು ನಗುತ್ತಿದ್ದರು. ಹೋದ ಮನೆಗಳಲ್ಲಿ ಹೇಳಿದ್ದನ್ನೆಲ್ಲ ಕೇಳಿ, ಬಾಳೆಹಣ್ಣು ಕೊಟ್ಟು, "ನಿಮ್ಮೂರಲ್ಲಿ ರಾಗಿ ಬೆಳೀತಾರೇನಪ್ಪಾ?" ಎಂದು ಕೇಳಿ ಕಳಿಸುತ್ತಿದ್ದರು. ಅವರ ಪಂಥಕ್ಕೆ ಒಬ್ಬರೂ ಸೇರಲಿಲ್ಲ.

ಇನ್ನೊಂದು ನಿಯಮವೂ ಇತ್ತು. ಕಾಫಿ, ಟೀ ಕುಡಿಯುವಂತಿಲ್ಲ. "ಅರೆ, ಕಾಫಿ ಸೀಮೆಗೆ ಬಂದು ಕಾಫಿ ಬ್ಯಾಡ ಅಂತಾರಲ್ರೀ ಇವ್ರು!" ಎಂದು ಸಾಬರು ಹಣೆ ಬಡಿದುಕೊಳ್ಳುತ್ತಿದ್ದರು.

ನಮ್ಮ ಮನೆ ಊರಾಚೆಯ ಕೇರಿಯಲ್ಲಿತ್ತು. ನಮಗೆ ಹೋಟೆಲಿನಲ್ಲಿ ಬೇರೆ ಲೋಟ, ಹೊರಗೇ ನಿಂತು ಕುಡಿಯಬೇಕು. ನಮ್ಮ ಮನೆಯಲ್ಲಿ ಊರೊಳಗಿನವರು ನೀರು ಮುಟ್ಟುತ್ತಿರಲಿಲ್ಲ. ಅವ್ವ ದಿನಾ ಕೇಳುವಳು: "ಲೇ ಮಗಾ, ನಿನ್ನ ದೊರೆಮಕ್ಳು ನಮ್ಮನೀಗೆ ಬತ್ತಾರೇನ್ಲಾ?"

ಕೇಳಿದೆ. ಕುಣಿದುಕೊಂಡು ಒಪ್ಪಿದರು.

ಆ ಬೆಳಗ್ಗೆ ಅವ್ವ ಅಂಗಳ ಸಾರಿಸಿ, ಎಲ್ಲಿಂದಲೋ ಕಾಫಿಬೀಜ ತಂದು ಹುರಿಯಲು ಕೂತಳು. ನಾವು ದಿನಾ ಕುಡಿಯುತ್ತಿದ್ದುದು ಹಾಲಿಲ್ಲದ ಬೆಲ್ಲದ ನೀರಿನಂಥ ಕಾಫಿ. ಅವತ್ತು ಹಾಲೂ ತಂದಿದ್ದಳು. ಅವರು ಕುಡಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಬೇಕೆಂದು ಒಲೆಯ ಹತ್ತಿರ ಹೋದೆ. ಘಮ ಬಂತು, ಅವ್ವನ ಮುಖ ನೋಡಿದೆ, ಸುಮ್ಮನೆ ಹೊರಗೆ ಬಂದೆ. ನಮ್ಮ ಮನೆಯಲ್ಲಾದರೂ ಒಂದು ಗುಟುಕು ಕುಡಿದಾರು ಎಂಬ ಆಸೆಯೂ ಇತ್ತು.

ಅವರು ಬಂದು ಚಾಪೆಯ ಮೇಲೆ ಕೂತರು. ಅವ್ವ ಎರಡು ಹಿತ್ತಾಳೆ ಲೋಟ ತಂದು ಮುಂದಿಟ್ಟಳು. ಉದ್ದನೆಯವನು ನಾನು ಕಲಿಸಿದ ಪುಸ್ತಕದ ಕನ್ನಡದಲ್ಲಿ, "ಕ್ಷಮಿಸಿ ಅಮ್ಮ, ನಾವು ಇದನ್ನು ಕುಡಿಯುವುದಿಲ್ಲ" ಅಂದ.

ಅವ್ವ ಲೋಟಗಳನ್ನು ಹಿಂದಕ್ಕೆ ಎಳೆದುಕೊಂಡಳು. ಅವರಿಗೆ ಕೇಳಿಸಬಾರದೆಂದು ಗೋಡೆ ಕಡೆ ತಿರುಗಿ ನನಗೆ ಹೇಳಿದಳು: "ನೋಡ್ದಾ? ಸಮುದ್ರ ದಾಟಿ ಬಂದೋರ್ಗೂ ನಮ್ಮ ಜಾತಿ ಗೊತ್ತಾಗೋಯ್ತು."

"ಅಮ್ಮ ಏನು ಹೇಳಿದರು?" ಎಂದು ಉದ್ದನೆಯವನು ನನ್ನನ್ನು ಕೇಳಿದ.

ನನ್ನ ಮುರುಕು ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವನ ಮುಖ ಕೆಂಪಾಯಿತು. ಅವ್ವನ ಕಡೆ ತಿರುಗಿ, "ಅಮ್ಮ, ನನಗೆ ನೀರು ಕೊಡಿ" ಅಂದ. ಕುಳ್ಳ ಅವನ ಮೊಣಕೈ ಹಿಡಿದು ಬೇಡವೆಂದು ತಲೆಯಾಡಿಸಿದ. ಇವನು ಕೈ ಬಿಡಿಸಿಕೊಂಡ. ಅವ್ವ ಗಡಿಗೆಯಿಂದ ಒಂದು ಚೆಂಬು ಮೊಗೆದು ತಂದಳು. ನಮ್ಮ ಕಡೆ ಚೆಂಬನ್ನು ಎತ್ತಿ, ತುಟಿಗೆ ತಾಗಿಸದೆ ಗಂಟಲಿಗೆ ಸುರಿದುಕೊಳ್ಳುತ್ತೇವೆ. ಅವನಿಗೆ ಅದು ಬರುತ್ತಿರಲಿಲ್ಲ. ತುಟಿಗಿಟ್ಟು ಕಚ್ಚಿಕೊಂಡು ಇಡೀ ಚೆಂಬು ಕುಡಿದು ಕೆಳಗಿಟ್ಟ.

"ಅಯ್ಯಯ್ಯೋ, ಕಚ್ಚೇ ಕುಡಿದ್ಬಿಟ್ಟ ಕಣ್ಲಾ!" ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಆ ಎರಡು ಲೋಟ ಕಾಫಿಯನ್ನು ನಾನೂ ಅವಳೂ ಅವರೆದುರಿಗೇ ಕುಡಿದೆವು. ಅಂಥ ಕಾಫಿ ಮತ್ತೆ ಕುಡಿದಿಲ್ಲ.

ಎರಡು ದಿನ ಬಿಟ್ಟು ಪಾಠಕ್ಕೆ ಹೋದರೆ ಉದ್ದನೆಯವನು ವಾಂತಿ, ಭೇದಿಯಿಂದ ಹಾಸಿಗೆ ಹಿಡಿದಿದ್ದ. "ಆ ನೀರು" ಎಂದು ಕುಳ್ಳ ಒಂದೇ ಮಾತು ಹೇಳಿದ. ಮಲಗಿದವನು ನನ್ನ ಕೈ ಹಿಡಿದುಕೊಂಡು, "ಅಮ್ಮನಿಗೆ ಹೇಳಬಾರದು. ನೀನು ಮಾತು ಕೊಡು" ಅಂದ. ಕೊಟ್ಟೆ.

ಅವನಿಗೆ ಹುಷಾರಿಲ್ಲವೆಂಬ ಸುದ್ದಿ ಹೇಗೋ ಅವ್ವನಿಗೆ ಮುಟ್ಟಿ, ಗಂಜಿಯ ಪಾತ್ರೆ ಹೊತ್ತು ಪೇಟೆಗೇ ಬಂದುಬಿಟ್ಟಳು. ಮೆಟ್ಟಿಲ ಕೆಳಗೆ ನಿಂತು, "ನಾನು ಮ್ಯಾಲಕ್ಕೆ ಹತ್ಬೋದಾ ಸಾಬ್ರೇ?" ಅಂದಳು.

"ಹತ್ತಮ್ಮಾ, ಮೆಟ್ಲು ಇರೋದೇ ಹತ್ತಾಕೆ!"

ಮೇಲೆ ಬಂದು ಅವನ ಹಣೆ ಮುಟ್ಟಿ ನೋಡಿದಳು. "ಜೀರಿಗೆ ನೀರೂ ತಂದಿವ್ನಿ. ಕಾಫಿ ಅಲ್ಲ ಕಣಪ್ಪಾ, ಹೆದರ್ಬ್ಯಾಡ" ಅಂದಳು. ಆಮೇಲೆ, "ಎಲ್ಲಿ ಏನು ತಿಂದ್ಯೋ ನನ್ನಪ್ಪಾ?"

ಸುಳ್ಳು ಹೇಳಬಾರದೆಂಬುದೂ ಅವರ ನಿಯಮ. ಅವನು ನನ್ನ ಮುಖ ನೋಡಿದ.

"ತರೀಕೆರೆ ಹೋಟ್ಲಲ್ಲಿ ಬೋಂಡ ತಿಂದ್ನಂತೆ ಕಣವ್ವಾ" ಅಂದೆ ನಾನು.

"ಆ ಹೋಟ್ಲೋನ ಬಾಂಡ್ಲಿ ಒಡೆದೋಗ!" ಎಂದು ಅವ್ವ ಶಾಪ ಹಾಕಿದಳು. ಮೂರು ದಿನ ಗಂಜಿ ತಂದಳು, ಅವನು ಎದ್ದು ಕೂತ. ಕೊನೆಯ ದಿನ ಕುಳ್ಳನೂ ಒಂದು ಬಟ್ಟಲು ಕೇಳಿ ಕುಡಿದ.

ಕೆಲವು ತಿಂಗಳಲ್ಲಿ ಅವರು ಇಲ್ಲಿರುವ ಪರವಾನಗಿ ಮುಗಿಯಿತು. ಕಡೂರು ಸ್ಟೇಷನ್ನಿಗೆ ಅವ್ವ ಅದೇ ಚೆಂಬಿನಲ್ಲಿ ನೀರು ತಂದಳು. ಅವಳಿಗೆ ಗೊತ್ತಿಲ್ಲದೆ ಆ ನೀರನ್ನು ನಾನು ಬೆಳಗ್ಗೆಯೇ ಕಾಯಿಸಿ, ಆರಿಸಿ ಗಡಿಗೆಗೆ ತುಂಬಿಟ್ಟಿದ್ದೆ. ಅಷ್ಟು ಹೊತ್ತಿಗೆ ಉದ್ದನೆಯವನಿಗೆ ಎತ್ತಿ ಕುಡಿಯುವುದು ಚೆನ್ನಾಗಿ ರೂಢಿಯಾಗಿತ್ತು. ಆದರೂ ಕಚ್ಚಿಯೇ ಕುಡಿದ. ಮೊದಲ ಗುಟುಕಿಗೇ ಕಾಯಿಸಿದ ನೀರಿನ ಸಪ್ಪೆ ರುಚಿ ತಿಳಿದು ನನ್ನ ಕಡೆ ನೋಡಿ ನಕ್ಕ.

ಆಮೇಲೆ ಅವ್ವ ಇದ್ದಷ್ಟು ಕಾಲವೂ, ತರೀಕೆರೆಯ ಬಸ್‌ ಸ್ಟ್ಯಾಂಡಿನಲ್ಲಿ ಬೋಂಡದ ವಾಸನೆ ಬಂದರೆ ಸಾಕು, ಮುಖ ತಿರುಗಿಸಿಕೊಳ್ಳುತ್ತಿದ್ದಳು. ನಾನು ಮಾತು ಉಳಿಸಿಕೊಂಡೆ. ಅವಳಿಲ್ಲದ ಈಗ ಮೊದಲ ಸಲ ಹೇಳುತ್ತಿದ್ದೇನೆ.

ತರೀಕೆರೆ, ಅಜ್ಜಂಪುರ, ಶಿವನಿ ಕಡೆಯವರೇ, ಟೈ ಕಟ್ಟಿದ ಆ ಜೋಡಿ ನಿಮ್ಮ ಹಿರಿಯರ ಮನೆ ಬಾಗಿಲಿಗೂ ಬಂದಿತ್ತೇ? ನಿಮ್ಮ ಮನೆಯಲ್ಲಿ ಕಾಫಿ ಬದಲು ಏನು ಕೊಟ್ಟರು? ಇಂಥವರೇ ಯಾರಾದರೂ ನಿಮ್ಮ ಮನೆಯ ನೀರು ಕುಡಿದು ಹೋಗಿದ್ದರೆ, ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ. ನಿಧಾನವಾಗಿಯಾದರೂ ಎಲ್ಲವನ್ನೂ ಓದುತ್ತೇನೆ.