ಕೀಳಬಾರದ ಮೂಲಂಗಿ

ಬೀದಿಗೆಲ್ಲ ಅವಳು ಟೈಲರಕ್ಕ. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್ನು. ಯಾವ ಬಟ್ಟೆ ಕೊಟ್ಟರೂ ಮೊದಲು ತಿರುವಿ ಒಳಮೈ ನೋಡುವ ಚಟ. ಬಟ್ಟೆಗಾದರೆ ಸರಿ, ಹಿತ್ತಲಿಗೂ ಅದೇ ಚಟವೆಂದರೆ? ಅಣ್ಣನ ವ್ಯಾನು ವರ್ಷಗಟ್ಟಲೆ ನಿಂತು ಆ ನೆಲ ಕಲ್ಲಾಗಿತ್ತು. ಅವಳು ನೆಟ್ಟ ಗುಲಾಬಿಗಳೆಲ್ಲ ಒಣಗಿದ್ದವು. ಬೇರಿಗೆ ಒಳಗೆ ಅಡ್ಡ ಬರುವುದೇನು ಎಂಬ ಕುತೂಹಲ ಮಾತ್ರ ಒಣಗಿರಲಿಲ್ಲ.

"ಬೇಸಿಗೇಲಿ ಸಿಮೆಂಟು ಹಾಕಿಸ್ತೀನಿ," ಎಂದ ಅಣ್ಣ. "ಅಷ್ಟರೊಳಗೆ ಇಲ್ಲಿ ಹಾರೆ ಒಂದು ಮೊಳ ಇಳಿದ್ರೆ ಹಿತ್ತಲು ನಿಂದು."

ಪ್ಯಾಂಟು ಸಡಿಲ ಮಾಡಿಸಲು ಬಂದ ಪಾರ್ಕಿನ ಮಾಲಿ ಉಪಾಯ ಹೇಳಿದ. "ಉದ್ದ ಮೂಲಂಗಿ ಬಿತ್ತಿ. ಬಲಿತ ಮೇಲೆ ಸೊಪ್ಪು ಕತ್ತರಿಸಿ ಅಲ್ಲೇ ಹಾಸಿ. ಗೆಡ್ಡೆ ಮಾತ್ರ ಕೀಳ್ಬೇಡಿ, ನೆಲದೊಳಗೇ ಕೊಳೀಲಿ. ಅದು ಕೊರೆದ ದಾರೀಲಿ ನೀರು, ಗಾಳಿ ಇಳಿಯುತ್ತೆ."

"ಅಂಗಿ ಹೊಲಿಯೋಳು ಮೂಲಂಗಿ ಬಿಟ್ಟು ಇನ್ನೇನು ಬೆಳೀತಾಳೆ!" ಎಂದು ಅತ್ತಿಗೆ ನಕ್ಕಳು.

ಮೂಲಂಗಿ ಸೊಂಪಾಗಿ ಬಂತು. ಟೈಲರಕ್ಕ ದಿನಾ ಮಂಡಿಯೂರಿ ಮಣ್ಣು ಒತ್ತಿ ನೋಡುವಳು. ಒಂದು ದಿನ ಅಳತೆ ತೆಗೆಯಲು ಹೋಗಿ ಬರುವಷ್ಟರಲ್ಲಿ ಅರ್ಧ ಮಡಿ ಬೋಳು! ಪಾಪ, ಅತ್ತಿಗೆಯದು ಒಳ್ಳೆಯ ಮನಸ್ಸೇ.

"ಬೆಂಡಾಗ್ತಿತ್ತು ಕಣೇ. ಕೀಳಿಸಿ ಬೀದಿಗೆಲ್ಲ ಹಂಚಿದೆ."

ಕೀಳಲು ಬಂದವರು ತುಳಿದು ತುಳಿದು ನೆಲ ಮತ್ತೆ ಗಟ್ಟಿಯಾಗಿತ್ತು. ಟೈಲರಕ್ಕನಿಗೆ ಸಿಟ್ಟು ನೆತ್ತಿಗೇರಿತು. ಬಯ್ಯಲು ಬಾಯಿ ತೆರೆದವಳ ಕಣ್ಣು ಮಡಿಯ ಮೇಲೆ ಬಿತ್ತು. ಕಿತ್ತದ್ದು ಇತ್ತ, ಉಳಿದದ್ದು ಅತ್ತ. ಯಾವುದು ಏನಾಗುತ್ತದೋ ನೋಡಿಯೇ ಬಿಡೋಣ! ಉಳಿದುದರ ಸೊಪ್ಪು ಕತ್ತರಿಸಿ ಹಾಸಿದಳು.

ಗೆಡ್ಡೆಗಳು ಕೊಳೆತವು. ನಾತಕ್ಕೆ ಬೀದಿಯೇ ಮೂಗು ಮುಚ್ಚಿಕೊಂಡಿತು. "ತಿನ್ನೋದನ್ನ ಕೊಳೆಸೋಳು ಇವಳೊಬ್ಬಳೇ," ಎಂದವರೂ ಪುಕ್ಕಟೆ ಮೂಲಂಗಿ ತಿಂದವರೇ.

ಬೇಸಿಗೆಯ ಜೊತೆಗೇ ಸಿಮೆಂಟಿನ ಮೂಟೆಗಳೂ ಬಂದವು. ಅಣ್ಣ ಹಾರೆ ಎತ್ತಿ ಕಿತ್ತ ಕಡೆ ಹಾಕಿದ. ಠಣ್! ಗೆದ್ದವನಂತೆ ಮೀಸೆ ತಿರುವಿದ.

"ಆ ಕಡೆ ಹಾಕಣ್ಣ," ಎಂದು ಟೈಲರಕ್ಕ ಕೀಳದ ಅರ್ಧ ತೋರಿಸಿದಳು.

ಅದೇ ಜೋರಿನಲ್ಲಿ ಹಾಕಿದ. ಹಾರೆ ಮೊಳವೇನು, ಇನ್ನೂ ಆಳಕ್ಕೆ ಸರ್ರನೆ ಇಳಿಯಿತು. ಹಿಡಿದ ಕೈ ಬಿಡಲಾಗದೆ ಅವನೂ ಮುಗ್ಗರಿಸಿ ಮಂಡಿಯೂರಿದ. ಅಲ್ಲೇ ಕೈ ಹಾಕಿ ಹಿಡಿ ಮಣ್ಣು ತೆಗೆದ. ತೇವ, ಪುಡಿಪುಡಿ. ಎರೆಹುಳವೊಂದು ಬೆರಳಿಗೆ ಸುತ್ತಿಕೊಂಡಿತು.

"ಇದು ಎಲ್ಲಿತ್ತೇ ಇಷ್ಟು ದಿನ?"

"ನಂಗೂ ಗೊತ್ತಿಲ್ಲಣ್ಣ," ಎಂದಳು. ಅಳು ಬಂತು, ತಡೆದುಕೊಳ್ಳಲಿಲ್ಲ.

ಅಣ್ಣ ಹುಳವನ್ನು ಮೆಲ್ಲಗೆ ಮಣ್ಣಿಗೆ ಬಿಟ್ಟ. ಠಣ್ಣೆಂದ ಕಡೆಯನ್ನೊಮ್ಮೆ ನೋಡಿ ಕೇಳಿದ, "ಬೀಜ ಉಳಿಸಿದ್ದೀಯಾ? ಆ ಅರ್ಧಕ್ಕೆ ನಾನು ಬಿತ್ತೀನಿ."